ಕಡಿದ ತಂತಿಯಲ್ಲಿ ಕೇಳಿದ್ದು

ಓದುಗರು ಮೊದಲೇ ಮನ್ನಿಸಬೇಕು. ಸ್ಪೀಕರಿನ ತಿರುಪು, ಹೆಡ್‌ಫೋನಿನ ಬೆಸುಗೆ ಇವುಗಳ ಬಗ್ಗೆ ಬರೆಯುವಷ್ಟು ಪರಿಣತಿ ಇದೆಯೆಂದು ಹೇಳಿಕೊಳ್ಳುವ ಧೈರ್ಯ ಈ ಕಥೆ ಹೇಳುವವರಿಗಿಲ್ಲ. ಈ ಕಸಬಿನಲ್ಲಿ ಕೈ ಪಳಗಿದವರಿಗೆ ಇದರಲ್ಲಿ ತಪ್ಪು ಸಿಕ್ಕರೂ ಸಿಕ್ಕೀತು. ಆದರೆ ಇಲ್ಲಿ ಹೇಳುವ ಸಂಗತಿ ಪೂರ್ತಿ ಒಂದು ತಂತಿಯ ತುದಿಯಲ್ಲೇ ನಡೆದುಹೋಯಿತು. ಅದನ್ನು ಬಿಟ್ಟು ಹೇಳಲು ದಾರಿಯಿಲ್ಲ.

ಮಸರಕಲ್ಲಿನ ಗೋಪಮ್ಮ ಸತ್ತದ್ದು ಹಾವು ಕಚ್ಚಿ ಅಲ್ಲ ಎಂದು ಪಂಚನಾಮೆಯಲ್ಲಿ ಹೇಳಿದ ನರ್ಸಮ್ಮ ಯಮನಮ್ಮ ಕಾಣೆಯಾಗಿ ಅಂದಿಗೆ ಹನ್ನೆರಡು ದಿನ.

ದೇವದುರ್ಗದಲ್ಲಿ ಖಾಜಾನ ಮನೆಯ ಪಡಸಾಲೆ. ರಾಯಚೂರಿನಿಂದ ಬಂದ ರೇಡಿಯೋ ರಿಪೇರಿಯ ಸುಂಕಪ್ಪ ಸ್ಟೂಲಿನ ಮೇಲೆ ನಿಂತು ಬಲಗೋಡೆಯ ಸ್ಪೀಕರಿನ ಬೆನ್ನು ತಿರುಗಿಸಿ ನೋಡುತ್ತಿದ್ದ. ಕೆಂಪು ತಂತಿ ಕಪ್ಪು ತಿರುಪಿಗೆ, ಕಪ್ಪು ತಂತಿ ಕೆಂಪು ತಿರುಪಿಗೆ ಸುತ್ತಿಕೊಂಡಿದ್ದವು.

"ಖಾಜಾಭಾಯ್, ಈ ತಂತಿ ಉದ್ದ ಮಾಡಿದವರು ಯಾರು?"

"ನಾನೇ. ಯಾಕ್ರಿ? ಸೌದಿಯಿಂದ ತಂದ ಸೆಟ್ಟು. ಎರಡೂ ಡಬ್ಬಿ ಒಂದೇ ಕಡಿ ಇಟ್ರ ಏನ್ ಚಂದ? ಎದುರಾಬದರ ಗೋಡಿಗೆ ತೂಗ ಹಾಕಿದೆ. ಬಣ್ಣ ನೋಡ್ಕೋತ ಕೂಡಾಕ ನಾ ಏನು ಪೇಂಟರ್ ಏನ್ರಿ?"

"ಬಣ್ಣ ತಪ್ಪಿದ್ರೂ ಸದ್ದು ಬರ್ತದ. ಆದ್ರ ಒಂದು ಸ್ಪೀಕರ್ ಗಾಳಿನ್ನ ಮುಂದಕ್ಕ ನೂಕಾಗ ಇನ್ನೊಂದು ಹಿಂದಕ್ಕ ಜಗ್ತದ. ಮಾತು ನಡುವ ನಿಲ್ಲಂಗಿಲ್ಲ."

"ಅದಕ್ಕ ಊರು ಮಂದಿ ನನ್ನ ಸೆಟ್ಟಿಗೆ ದೆವ್ವ ಹಿಡದದ ಅಂದ್ರೇನು? ನನ್ನ ಮರ್ಯಾದಿ ಹೋಗ್ಯದ್ರಿ ಸುಂಕಪ್ಪ."

ಸುಂಕಪ್ಪ ನಗಲಿಲ್ಲ. ಹೊಸ್ತಿಲ ಬಳಿ ಯಮನಮ್ಮನ ತಾಯಿ ಶೇಖಮ್ಮ ಕುಳಿತಿದ್ದಳು. ಕೂಲಿ ಮಾಡಿ ಮಗಳನ್ನು ನರ್ಸ್ ಮಾಡಿದ ಹೆಂಗಸು. ಏಳು ದಿನದ ಹಿಂದೆ ಯಮನಮ್ಮನ ಕ್ಯಾಸೆಟ್ಟು ಬಂದಾಗ, ಟೇಪ್‌ರೆಕಾರ್ಡರ್ ಇರುವ ಮನೆಯೆಂದು ಇಲ್ಲಿಗೇ ತಂದು ಹಾಕಿಸಿದ್ದರು. ಓಣಿಯೆಲ್ಲ ಸೇರಿ ಕೇಳಿತ್ತು. ಎಲ್ಲರೂ ಮಗಳದೇ ದನಿ ಎಂದರೆ ಶೇಖಮ್ಮ ಒಬ್ಬಳು ಅಲ್ಲ ಎಂದಳು. ಬಾವಿಯ ತಳದಿಂದ ಬಂದಂತಿದೆ, ಇದು ನನ್ನ ಮಗಳಲ್ಲ ಎಂದು ಹಟ ಹಿಡಿದಳು. ಹೈದರಾಬಾದಿಗೆ ತಾನೇ ಹೋಗಿದ್ದೇನೆ ಎಂದು ಆಕೆಯ ದನಿಯೇ ಹೇಳುತ್ತಿರುವಾಗ ಹುಡುಕುವುದೇನು ಎಂದು ಪೊಲೀಸರು ಕೈ ತೊಳೆದುಕೊಂಡಿದ್ದರು.

ಸುಂಕಪ್ಪ ತಂತಿ ಬದಲಿಸಿ ತಿರುಪು ಬಿಗಿ ಮಾಡಿದ. ಖಾಜಾ ಗುಂಡಿ ಒತ್ತಿದ.

"ಯವ್ವಾ, ನಾ ಯಮನಿ ಮಾತಾಡಾಕತ್ತೀನಿ. ಆರಾಮ ಅದೀನಿ. ಹೈದರಾಬಾದಿಗೆ ಬಂದೀನಿ. ನನ್ನ ಹುಡುಕಬ್ಯಾಡ್ರಿ. ಮಸರಕಲ್ಲಿನ ವಿಷಯದಾಗ ನಾ ಹೇಳಿದ್ದು ಬಿಟ್ಟುಬಿಡ್ರಿ. ಹೊತ್ತಿಗೆ ಸರಿಯಾಗಿ ಉಣ್ಣು."

ದನಿ ಎರಡು ಗೋಡೆಗಳ ನಡುವೆ, ಯಾರೋ ಚಾಪೆಯ ಮೇಲೆ ಬಂದು ಕೂತಂತೆ, ಗಟ್ಟಿಯಾಗಿ ನಿಂತಿತು. ಶೇಖಮ್ಮ ಮೊಣಕಾಲ ಮೇಲಿನ ಕೈಯನ್ನು ಎತ್ತಲಿಲ್ಲ.

"ಹೌದು," ಎಂದಳು. "ಇದು ನನ್ನ ಯಮನಿನೇ."

"ನೋಡ್ರಿ, ನನ್ನ ಸೆಟ್ಟಿಂದು ಏನೂ ತಪ್ಪಿಲ್ಲ," ಎಂದ ಖಾಜಾ.

"ಸೆಟ್ಟಿಂದಲ್ಲ, ನಿಮ್ಮ ಕೈಯಿಂದು," ಎಂದು ಸುಂಕಪ್ಪ ಸ್ಟೂಲಿನಿಂದ ಇಳಿದ.

ಬಾಗಿಲಲ್ಲಿ ಉರುಕುಂದಪ್ಪ ನಿಂತಿದ್ದ. ಶೇಖಮ್ಮನ ತಮ್ಮ; ಮಾನ್ವಿಯಲ್ಲಿ ಮದುವೆ, ಸಭೆಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿಯ ಆಳು. ಹೈದರಾಬಾದಿನ ಲಾರಿಯವನು ಕೊಟ್ಟನೆಂದು ಈ ಕ್ಯಾಸೆಟ್ಟನ್ನು ತಂದುಕೊಟ್ಟವನು ಅವನೇ.

"ಅಕ್ಕಾ, ಇನ್ನರ ನಂಬಿದೇನು? ಅಲ್ಲ ಅಂತ ಊರು ಮುಂದ ಬಾಯಿ ಬಡ್ಕೊಂಡಿ. ಈಗ ಸುಮ್ಮನ ಮನಿಗೆ ನಡಿ."

ಶೇಖಮ್ಮ ತಮ್ಮನ ಕಡೆ ನೋಡಲಿಲ್ಲ. ಸುಂಕಪ್ಪನನ್ನು ಕೇಳಿದಳು.

"ಯಪ್ಪಾ, ಒಳಗ ಇನ್ನೊಂದು ಇತ್ತಲ್ಲ, ಅದು ಎಲ್ಲಿಗೆ ಹೋತು?"

"ಇನ್ನೊಂದು ಏನವ್ವಾ?"

"ಗೊತ್ತಿಲ್ಲ. ಮಾತಿನ ಹಿಂದ ಏನೋ ಇತ್ತು. ನೀ ತಂತಿ ತಿರುವಿದಿ. ಮಗಳು ಗುಣ ಆದ್ಲು, ಅದು ಹೋತು."

ಮುದುಕಿಯಾಗುವ ಮೊದಲೇ ಮುದುಕಿಯಾದ ತಾಯಿಯ ಭ್ರಮೆ ಎಂದುಕೊಂಡ ಸುಂಕಪ್ಪ. ಆದರೂ ಮನಸ್ಸು ಪೂರ್ತಿ ಒಪ್ಪಲಿಲ್ಲ. ಕ್ಯಾಸೆಟ್ಟನ್ನು ಎರಡು ದಿನ ತನ್ನ ಹತ್ತಿರ ಬಿಡಿ, ಟೇಪು ಎಲ್ಲಾದರೂ ಕತ್ತರಿಸಿ ಅಂಟಿಸಿದ್ದಾರೋ ನೋಡುತ್ತೇನೆ ಎಂದ.

"ಕ್ಯಾಸೆಟ್ ಯಾಕ ಮೇಸ್ತ್ರಿ?" ಉರುಕುಂದಪ್ಪ ಒಳಗೆ ಒಂದು ಹೆಜ್ಜೆ ಇಟ್ಟ. "ಸ್ಪೀಕರ್ ಮಾಡಾಕ ಕರದಿದ್ರು, ಮಾಡಿದ್ರಿ. ಚಾ ಕುಡದು ಬಸ್ ಹತ್ರಿ."

"ಒಯ್ಯಲಿ," ಎಂದಳು ಶೇಖಮ್ಮ.

ರಾಯಚೂರಿನ ಬಸ್ಸಿನಲ್ಲಿ ಸುಂಕಪ್ಪ ತನ್ನ ನೋಟುಬುಕ್ಕನ್ನು ತೆಗೆದ. ಹಗಲು ಹತ್ತಿ ಗಿರಣಿಯಲ್ಲಿ ದುಡಿದು ಸಂಜೆ ತರಗತಿಯಲ್ಲಿ ರೇಡಿಯೋ ರಿಪೇರಿ ಕಲಿತವನು ಅವನು. ಅಲ್ಲಿನ ಮೇಷ್ಟ್ರು ಕಲಿಸಿದ ಒಂದು ಪದ್ಧತಿಯನ್ನು ಹತ್ತು ವರ್ಷದಿಂದ ಬಿಟ್ಟಿರಲಿಲ್ಲ: ಕೈ ಹಾಕುವ ಮೊದಲು ಕೆಟ್ಟದ್ದನ್ನು ಪೂರ್ತಿ ಕೇಳು, ಕೇಳಿದ್ದನ್ನು ಬರೆ. ಪುಟದ ಎಡಕ್ಕೆ ದೋಷ, ಬಲಕ್ಕೆ ಕಾರಣ.

ಎಡಕ್ಕೆ ಏನು ಬರೆಯಬೇಕೆಂದು ಅವನಿಗೆ ತಿಳಿಯಲಿಲ್ಲ. ತಿರುಪು ಕಂಡ ಕೂಡಲೇ ಕೈ ಹಾಕಿಬಿಟ್ಟಿದ್ದ. ತಾಯಿ ಏನು ಕೇಳಿಸಿಕೊಂಡಿದ್ದಳೋ ಅದನ್ನು ಅವನು ಒಮ್ಮೆಯೂ ಕೇಳಿರಲಿಲ್ಲ.

ಮರುದಿನ ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರ ಅಂಗಡಿಯ ಬೀಗ ತೆಗೆಯುವಾಗಲೇ ಜಯಾಬಾಯಿ ಮೆಟ್ಟಿಲ ಮೇಲೆ ನಿಂತಿದ್ದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಕೈಯಲ್ಲಿ ಅರಿವೆಯಲ್ಲಿ ಸುತ್ತಿದ ಹೆಡ್‌ಫೋನ್.

"ಸುಂಕಪ್ಪಾ, ಇದಕ್ಕೇನೋ ಆಗ್ಯದಪಾ. ಹಾಡೋವ್ರು ಎದ್ದು ಹೋಗಿಬಿಟ್ಟಾರ. ತಂಬೂರಿ, ತಬಲಾ ಅಷ್ಟ ಕೂತಾವ."

"ದನಿ ಪೂರಾ ಬರಂಗಿಲ್ಲೇನ್ರಿ ಬಾಯಾರ?"

"ಎಲ್ಲೋ ಬಚ್ಚಲಮನ್ಯಾಗ ಕೂತು ಹಾಡಿದಂಗ ಬರ್ತದ. ಮೊಮ್ಮಕ್ಕಳು ಓದ್ಲಿಕ್ಕೆ ಕೂಡ್ತಾವ ಅಂತ ಇದನ್ನ ಹಾಕ್ಕೋತೀನಿ. ಈಗ ನಿಮ್ಮ ಕಿವಿನ ಕೆಟ್ಟಾವೇನು ಅಂತ ಸೊಸಿ ಕೇಳ್ತಾಳ."

"ನಿಮ್ಮ ಕಿವಿ ನೆಟ್ಟಗದಾವ. ಕೂಡ್ರಿ."

ಈ ಸಲ ಅವನು ಮೊದಲು ಕೇಳಿದ. ಎರಡೂ ಕಿವಿಯ ಬಿಲ್ಲೆಗಳು ಮಾತಾಡುತ್ತಿದ್ದವು. ತಂತಿಯನ್ನು ಮೇಲಿನಿಂದ ಕೆಳಗೆ ಬೆರಳಲ್ಲಿ ಬಗ್ಗಿಸುತ್ತ ಬಂದ. ಪಿನ್ನಿನ ಬುಡಕ್ಕೆ ಬಂದಾಗ ಹಾಡುವವರ ದನಿ ಒಮ್ಮೆ ಎದುರಿಗೆ ಬಂತು, ಮತ್ತೆ ಹೋಯಿತು. ಪಿನ್ ಬಿಚ್ಚಿದರೆ ಒಳಗೆ ಮೂರು ತಂತಿ. ಎಡಗಿವಿಗೊಂದು, ಬಲಗಿವಿಗೊಂದು, ಎರಡಕ್ಕೂ ಸೇರಿದ ಅರ್ತಿಂಗ್ ಒಂದು. ಕಡಿದಿದ್ದದ್ದು ಅರ್ತಿಂಗ್.

"ಸಿಕ್ತು. ಈ ತಂತಿ ಕಡದ್ರ ಎರಡು ಕಿವಿನೂ ಒಂದಕ್ಕೊಂದು ತಿರುಗಿ ನಿಂತಂಗ ಆಗ್ತದ್ರಿ ಬಾಯಾರ. ಎರಡೂ ಕಡಿ ಒಂದೇ ಸಮ ಬರೋ ಸದ್ದು ಹೊಡದುಹೋಗ್ತದ. ಹಾಡೋವ್ರು ನಡುವ ಕೂತಿರ್ತಾರ, ಅದಕ್ಕ ಅವ್ರು ಹೋಗ್ತಾರ. ಬಾಜು ಕೂತವ್ರು..."

ಮಾತು ಅಲ್ಲಿಗೆ ನಿಂತಿತು. ಕಾದ ಬೆಸುಗೆ ಕಡ್ಡಿ ಅವನ ಕೈಯಲ್ಲಿ ಹೊಗೆಯಾಡುತ್ತಿತ್ತು. ಅದನ್ನು ಸ್ಟ್ಯಾಂಡಿಗೆ ಇಟ್ಟ.

"ಬಾಯಾರ, ಇದನ್ನ ನಾಕು ದಿನ ಹಿಂಗೇ ಬಿಡ್ತೀರೇನು? ನಾ ಇದನ್ನ ಈಗ ಮಾಡಂಗಿಲ್ಲ."

"ಕೆಟ್ಟಿದ್ದನ್ನ ಕೆಟ್ಟಂಗೇ ಇಡ್ಲಿಕ್ಕೆ ನಿನ್ನ ಹತ್ರ ಯಾಕ ಬರಬೇಕಿತ್ತಪಾ ನಾ? ಮನ್ಯಾಗ ಇಡ್ತಿದ್ದೆ."

"ಹೌದ್ರಿ. ಆದ್ರ ನನಗ ಇದು ಕೆಟ್ಟದ್ದೇ ಬೇಕಾಗ್ಯದ."

ಜಯಾಬಾಯಿ ಅವನ ಮುಖ ನೋಡಿ ಮತ್ತೇನೂ ಕೇಳದೆ ಮೆಟ್ಟಿಲಿಳಿದರು. ಸುಂಕಪ್ಪ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಯಮನಮ್ಮನ ಕ್ಯಾಸೆಟ್ಟನ್ನು ಹಾಕಿದ.

ಆಕೆಯ ದನಿ ತಳಕ್ಕೆ ಇಳಿಯಿತು. ಬಾವಿಯ ತಳ, ತಾಯಿ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಆ ದನಿ ಬಿಟ್ಟುಕೊಟ್ಟ ಜಾಗದಲ್ಲಿ ಬೇರೆ ಸದ್ದುಗಳು ಮೇಲೆದ್ದವು. ದೂರದಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು. ಎರಡು ಏಟು. ಬಿಡುವು. ಮತ್ತೆ ಎರಡು ಏಟು.

ಸುಂಕಪ್ಪ ಆ ಏಟು ಬಡಿದು ಬಿಸಿಲಲ್ಲಿ ಕಾದು ಕೂತವನು. ಚೀಕಲಪರ್ವಿಯಲ್ಲಿ ತುಂಗಭದ್ರೆಯ ದಂಡೆಯ ಬೇವಿನ ಮರಕ್ಕೆ ರೈಲು ಹಳಿಯ ತುಂಡೊಂದನ್ನು ತೂಗುಹಾಕಿದ್ದರು. ಹರಿಗೋಲು ಆಚೆ ದಡದಲ್ಲಿದ್ದರೆ ದಾಟುವವರು ಅದನ್ನು ಬಡಿಯಬೇಕು. ಸಾದಾ ಮಂದಿಗೆ ಎರಡೆರಡು ಏಟು. ರೋಗಿ ಇದ್ದರೆ ಬಿಡದೆ ಬಡಿಯಬೇಕು. ಹಿಂದಿನ ವರ್ಷ ಆಚೆ ದಡದ ಒಂದು ಮದುವೆಗೆ ಸ್ಪೀಕರುಗಳನ್ನು ಒಯ್ಯುವಾಗ ಅವನೇ ಹತ್ತಾರು ಸಲ ಬಡಿದಿದ್ದ.

ಹೈದರಾಬಾದಿನಲ್ಲಿ ಆ ಹಳಿ ಇಲ್ಲ.

ಇನ್ನೊಂದು ಸದ್ದೂ ಇತ್ತು. ಹತ್ತಿರದ್ದು. ಯಾರೋ ಎರಡು ಸಲ ಗಂಟಲು ಸರಿಮಾಡಿಕೊಂಡು, ಕೊನೆಗೆ ಸಣ್ಣ ಸಿಳ್ಳೆಯಂತೆ ಉಸಿರೆಳೆದುಕೊಂಡದ್ದು. ಎಲ್ಲಿ ಕಿವಿಗೊಡಬೇಕೆಂದು ಗೊತ್ತಾದ ಮೇಲೆ, ಕಡಿದ ತುದಿಗಳನ್ನು ಬೆರಳಲ್ಲಿ ಒತ್ತಿ ಹಿಡಿದು ಸುಂಕಪ್ಪ ಮತ್ತೆ ಕೇಳಿದ. ಯಮನಮ್ಮ ನಡುವೆ ಬಂದು ನಿಂತಳು. ಅವಳ ಮಾತಿನ ಅಡಿಯಲ್ಲಿ, ಹಳಿ ಎಡಕ್ಕೆ, ಗಂಟಲು ಬಲಕ್ಕೆ.

ನೋಟುಬುಕ್ಕಿನಲ್ಲಿ ಬರೆದ: ಬಲಕ್ಕೆ ಗಂಟಲು. ರೆಕಾರ್ಡ್ ಮಾಡಿದವನು ಇರಬೇಕು.

ಆಮೇಲೆ ಇನ್ನೊಂದು ಯೋಚನೆ ಬಂತು. ಒಂದೇ ಮೈಕಿನ ಸಾದಾ ಟೇಪ್‌ರೆಕಾರ್ಡರಿನಲ್ಲಿ ದನಿ ತುಂಬಿದ್ದರೆ ಎರಡೂ ಕಿವಿಗೆ ಒಂದೇ ಸದ್ದು ಇರುತ್ತಿತ್ತು. ಅರ್ತಿಂಗ್ ಕಡಿದರೆ ಏನೂ ಉಳಿಯುತ್ತಿರಲಿಲ್ಲ. ಅಂದರೆ ಇದು ಎರಡು ಮೈಕಿನ ಯಂತ್ರ. 1984ರಲ್ಲಿ ಅಂಥ ಯಂತ್ರ ಈ ಕಡೆ ಬೆರಳೆಣಿಕೆಯಷ್ಟು, ಕೆಟ್ಟರೆ ಬರುತ್ತಿದ್ದದ್ದು ಅವನ ಅಂಗಡಿಗೇ. ಹಿಂದಿನ ಪುಟಗಳನ್ನು ತಿರುವಿದ. ಎರಡು ತಿಂಗಳ ಹಿಂದಿನ ಪುಟದಲ್ಲಿ ಅವನದೇ ಅಕ್ಷರ: ಎರಡು ಮೈಕಿನ ಟೇಪ್‌ರೆಕಾರ್ಡರ್, ಮಾನ್ವಿಯ ಮೈಕ್ ಸೆಟ್ ಅಂಗಡಿಯದು, ತಂದವರು ಉರುಕುಂದಪ್ಪ.

ಗುರುವಾರ ಮಧ್ಯಾಹ್ನ ಅದೇ ಪಡಸಾಲೆ. ಖಾಜಾನ ಹೆಂಡತಿ ಸರ್ವರಿ ಬೇಗಂ ಚಹಾ ಇಟ್ಟು ಒಳಗೆ ಹೋದಳು. ಅಕ್ಕ ಕರೆಸಿದಳೆಂದು ಮಾನ್ವಿಯಿಂದ ಬಂದ ಉರುಕುಂದಪ್ಪ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ.

"ಏನ್ ಮೇಸ್ತ್ರಿ, ಮತ್ತ ತಂತಿ ತಿರುವಾಕ ಬಂದ್ರೇನು?"

"ಇಲ್ಲ. ಈ ಸಲ ಕೆಟ್ಟಿದ್ದನ್ನ ಹಂಗೇ ತಂದೀನಿ. ಒಳಗ ಬರ್ರಿ."

"ನಂಗ ಕೆಲಸ ಅದ."

"ಉರುಕುಂದಾ, ಕೂಡ್ರು," ಎಂದಳು ಶೇಖಮ್ಮ. ಅವನು ಕೂತ.

"ಕ್ಯಾಸೆಟ್ ಕೊಟ್ಟವನು ಲಾರಿಯವನು?" ಸುಂಕಪ್ಪ ಕೇಳಿದ. ಅವನಿಗೆ ಹೀಗೆ ಕೇಳಿ ರೂಢಿಯಿರಲಿಲ್ಲ.

"ಪೊಲೀಸರಿಗೂ ಅದೇ ಹೇಳೀನಿ."

"ಹೈದರಾಬಾದಿನಾಗ ತುಂಬಿದ್ದು?"

"ಆಕಿನೇ ಹೇಳ್ತಾಳಲ್ಲ ಒಳಗ."

"ಹೈದರಾಬಾದಿನಾಗ ಹರಿಗೋಲು ಕರಿಯೋರು ಯಾರದಾರ?"

ಸುಂಕಪ್ಪ ಹೆಡ್‌ಫೋನನ್ನು ಖಾಜಾನ ಸೆಟ್ಟಿಗೆ ಸಿಕ್ಕಿಸಿ ಉರುಕುಂದಪ್ಪನ ಕಿವಿಗೆ ಇಟ್ಟ. ಟೇಪು ತಿರುಗಿತು. ಕೋಣೆಯಲ್ಲಿ ಉಳಿದವರಿಗೆ ಕೇಳುತ್ತಿದ್ದದ್ದು ಕ್ಯಾಸೆಟ್ಟಿನ ಗಾಲಿಯ ಕಿರುಗುಟ್ಟುವಿಕೆ ಮಾತ್ರ. ಎರಡನೆಯ ಜೋಡಿ ಏಟು ಬೀಳುವ ಹೊತ್ತಿಗೆ ಅವನ ಕಣ್ಣು ಅಕ್ಕನ ಕಡೆ ತಿರುಗಿತು. ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಖಾಜಾಭಾಯ್, ಬಾಗಲ ಹಾಕ್ರಿ."

ಖಾಜಾ ಎದ್ದು ಅಗುಳಿ ಹಾಕಿ ಬಂದ.

"ಆಕಿಗೆ ಯಾರೂ ಒತ್ತಾಯ ಮಾಡಿಲ್ಲ," ಎಂದ ಉರುಕುಂದಪ್ಪ. "ಗೋಪಮ್ಮನ ಕುತ್ತಿಗ್ಯಾಗ ಬಿಗದ ಗೆರಿ ನೋಡಿದ್ಲು. ನೋಡಿದ್ದು ಹೇಳಿದ್ಲು. ಹೇಳಿದ ಮರುದಿನದಿಂದ ಯಾರೋ ಬೆನ್ನ ಹತ್ಯಾರ ಮಾವಾ ಅಂದ್ಲು. ಕೋರ್ಟಿಗೆ ಕರಿಯೋತನ ಎಲ್ಲೆರ ಇರ್ತೀನಿ ಅಂದ್ಲು. ನಾನೇ ಚೀಕಲಪರ್ವಿಗೆ ಕರ್ಕೊಂಡು ಹೋಗಿ ಬಂಡೆಮ್ಮನ ಮನ್ಯಾಗ ಇಟ್ಟೆ. ಹರಿಗೋಲಿನ ಮುದುಕನ ಹೆಂಡ್ತಿ ಬಂಡೆಮ್ಮ, ಗಂಡ ಸತ್ತ ಮ್ಯಾಲ ಒಬ್ಬಾಕಿನೇ ಇರ್ತಾಳ. ಅಂಗಡಿ ಟೇಪ್‌ರೆಕಾರ್ಡರ್ ಒಯ್ದು ತುಂಬಿಸಿಕೊಂಡು ಬಂದೆ."

"ನನಗ್ಯಾಕ ಹೇಳಲಿಲ್ಲಲೇ?"

"ನಿನಗ ಸುಳ್ಳು ಹೇಳಾಕ ಬರಂಗಿಲ್ಲಕ್ಕಾ. ಯಾರೇ ಹುಡುಕ್ಕೋತ ಬಂದ್ರೂ ಮೊದಲು ನಿನ್ನ ಮುಖ ನೋಡ್ತಾರ."

"ಒಂದು ಚೀಟಿ ಬರದು ಕಳಸಬೇಕಿತ್ತು."

"ಓದಸಾಕ ಮಂದಿ ಮನಿಗೆ ಹೋಗ್ತಿದ್ದಿ. ಯವ್ವ ನನ್ನ ದನಿ ಕೇಳಿದ್ರ ನಂಬ್ತಾಳ, ಆಕಿ ನಂಬಿ ಸುಮ್ಮನಾದ್ರ ಊರೂ ಸುಮ್ಮನಾಗ್ತದ ಅಂದಿದ್ಲು ಯಮನಿ. ನೀ ನೋಡಿದ್ರ ಅಲ್ಲ ಅಂತ ಕುಂತಿ. ನನ್ನ ಜೀವ ಹಾರಿಹೋಗಿತ್ತು."

ಖಾಜಾ ಬಲಗೋಡೆಯ ಸ್ಪೀಕರನ್ನು ನೋಡುತ್ತಿದ್ದ. "ತೋಬಾ," ಎಂದ ಮೆಲ್ಲಗೆ. "ಎರಡು ತಂತಿ."

ಸುಂಕಪ್ಪ ನೋಟುಬುಕ್ಕನ್ನು ತೆರೆದ. ಹುಡುಗಿ ಬದುಕಿದ್ದಾಳೆ, ನಲವತ್ತು ಮೈಲಿಯ ಒಳಗೇ ಇದ್ದಾಳೆ. ಆದರೆ ನೋಟುಬುಕ್ಕಿನ ಒಂದು ಸಾಲಿಗೆ ಇನ್ನೂ ಗುರುತು ಹಾಕಿರಲಿಲ್ಲ. ಗುರುತು ಹಾಕದೆ ಪುಟ ಮಗುಚುವುದು ಅವನಿಂದ ಆಗದ ಕೆಲಸ.

"ಇದೊಂದು ಹೇಳಿಬಿಡ್ರಿ. ದನಿ ತುಂಬೋವಾಗ ನೀವು ಕೆಮ್ಮಿದ್ರಿ. ಅದು ನೀವೇ ಹೌದಲ್ಲ?"

"ನಾ ಯಾಕ ಕೆಮ್ಮಲಿ? ನನ್ನ ಸದ್ದು ಬರಬಾರದಂತ ಉಸಿರು ಬಿಗಿ ಹಿಡದು ಕುಂತಿದ್ದೆ."

"ಬಂಡೆಮ್ಮ?"

"ಆಕಿ ಹೊಳಿಗೆ ಹೋಗಿದ್ಲು. ಬಾಗಲ ಹಾಕಿತ್ತು. ಒಳಗ ಯಮನಿ, ನಾ. ಇಬ್ಬರೇ."

"ಯಮನಮ್ಮನ ಎದುರು ಯಂತ್ರ. ಯಂತ್ರದ ಬಲಗಡಿ ಏನಿತ್ತು?"

ಉರುಕುಂದಪ್ಪ ಕಣ್ಣು ಮುಚ್ಚಿ ಕೋಣೆಯನ್ನು ನೆನಪಿಸಿಕೊಂಡ. ಎಡಗೈ ಹೊಳೆಯ ಕಡೆಗೆ ಹೋಯಿತು. ಬಲಗೈ ಗಾಳಿಯಲ್ಲೇ ನಿಂತಿತು.

"ಕಿಡಕಿ," ಎಂದ. "ಹಿತ್ತಲ ಕಿಡಕಿ. ಬರೇ ಮುಂದ ಎಳದಿತ್ತು. ಅಗಳಿ ಇರಲಿಲ್ಲ."

ಸುಂಕಪ್ಪ ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಅವನಿಗೆ ಕೇಳಿಸಿದ. ಈ ಸಲ ಉರುಕುಂದಪ್ಪ ಹಳಿಯ ಏಟಿಗೆ ಕಾಯಲಿಲ್ಲ. ಗಂಟಲು ಸರಿಮಾಡಿಕೊಂಡ ಸದ್ದು ಬಂದಾಗ ಅವನ ಕೈ ಹೆಡ್‌ಫೋನಿನ ಮೇಲೆ ಬಿಗಿಯಾಯಿತು.

"ನಾ ಮೊನ್ನಿ ಬುತ್ತಿ ಕಟ್ಕೊಂಡು ಹೋಗಿದ್ದೆ," ಎಂದ, ಯಾರನ್ನೂ ನೋಡದೆ. "ಬಂಡೆಮ್ಮನ ಮನಿಗೆ ಕೀಲಿ ಹಾಕಿತ್ತು. ಇಬ್ಬರೂ ಆಚೆ ದಡಕ್ಕ ಬಂಡೆಮ್ಮನ ತವರಿಗೆ ಹೋಗ್ಯಾರ ಅಂದ್ಕೊಂಡೆ. ಹಂಗಂತ ನನ್ನ ಸಮಾಧಾನಕ್ಕ ನಾನೇ ಅಂದ್ಕೊಂಡೆ."

ಶೇಖಮ್ಮ ಕೈ ಚಾಚಿದಳು.

"ಇಲ್ಲಿ ತಾ ಯಪ್ಪಾ."

ಸುಂಕಪ್ಪ ಹೆಡ್‌ಫೋನನ್ನು ಆಕೆಯ ಸೆರಗಿನ ಮೇಲೆಯೇ ಇಟ್ಟು ಸರಿಪಡಿಸಿದ. ಪಿನ್ನಿನ ಬುಡದ ತುದಿಗಳನ್ನು ಒತ್ತಿ ಹಿಡಿದಾಗ ಮಗಳ ದನಿ ಬಂದದ್ದು ಆಕೆಯ ಮುಖದಲ್ಲಿ ಕಂಡಿತು. ಅವನು ಬೆರಳು ಎತ್ತಿದ. ಮುಖದಿಂದ ಮಗಳು ಹೋದಳು. ಶೇಖಮ್ಮ ತಲೆ ಒಂದು ಕಡೆ ವಾಲಿಸಿ, ಅಕ್ಕಿಯಲ್ಲಿ ಕಲ್ಲು ಆರಿಸುವವಳ ಹಾಗೆ, ನಿಧಾನವಾಗಿ ಕೇಳಿದಳು. ಇನ್ನೊಮ್ಮೆ ಹಾಕು ಎಂದು ಸನ್ನೆ ಮಾಡಿದಳು. ಇನ್ನೊಮ್ಮೆ ಕೇಳಿದಳು.

"ಇದನ್ನ ನಾ ಕೇಳೀನಿ."

"ಹೌದವ್ವಾ, ಕ್ಯಾಸೆಟ್ಟಿನಾಗ ಇರೋದೇ..."

"ಕ್ಯಾಸೆಟ್ಟಿನಾಗ ಅಲ್ಲ. ಇಲ್ಲಿ. ಈ ಮನ್ಯಾಗ." ಆಕೆ ಹೆಡ್‌ಫೋನ್ ತೆಗೆದು ನೆಲದ ಮೇಲಿಟ್ಟಳು. "ಇದನ್ನ ಮೊದಲು ಹಾಕಿದ ದಿನ. ನಾ ಸೆರಗು ಮುಖದ ಮ್ಯಾಲ ಎಳಕೊಂಡು ಅಳಾಕತ್ತಿದ್ದೆ. ನನ್ನ ಹಿಂದ ಕುಂತವ ಹಿಂಗೇ ಎರಡು ಸಲ ಗಂಟಲು ತಗದು ಉಸರು ಎಳಕೊಂಡ. ಆಮ್ಯಾಲ ಒಂದು ಗ್ಲಾಸು ನೀರು ನನ್ನ ಕೈಯಾಗ ಇಟ್ಟ. ಕುಡಿ ಯವ್ವಾ, ಮಗಳು ಆರಾಮ ಅದಾಳ ಅಂದ."

"ಮುಖ ನೋಡಿದ್ರೇನು?"

"ನೀರು ಕುಡದೆ," ಎಂದಳು ಶೇಖಮ್ಮ. "ಮುಖ ನೋಡಲಿಲ್ಲ."

ಸುಂಕಪ್ಪ ಖಾಜಾನ ಕಡೆ ತಿರುಗಿದ.

"ಆ ದಿನ ಎಷ್ಟು ಮಂದಿ ಇದ್ರು?"

"ನಲ್ವತ್ತು ಆಗಬಹುದ್ರಿ. ಬಾಗಲದಾಗೂ ನಿಂತಿದ್ರು. ಚಾ ಮಾಡಿ ಮಾಡಿ ಸರ್ವರಿ ಸುಸ್ತಾಗಿದ್ಲು." ಖಾಜಾ ಚಹಾದ ಲೋಟ ಸರಿಸಿಟ್ಟ. "ಯಾರನ್ನೂ ನಾ ತಡೀಲಿಲ್ಲ. ಹೊಸಾ ಸೆಟ್ಟು. ಮಂದಿ ಕೇಳಲಿ ಅಂತ ನಾನೇ ಕರದೀನ್ರಿ."

ನಾಲ್ಕು ಗಂಟೆಯ ಬಸ್ಸಿಗೆ ಉರುಕುಂದಪ್ಪ, ಸುಂಕಪ್ಪ ಇಬ್ಬರೂ ಹೊರಟರು. ಮಾನ್ವಿ, ಅಲ್ಲಿಂದ ಚೀಕಲಪರ್ವಿ. ಹೆಡ್‌ಫೋನನ್ನು ಸುಂಕಪ್ಪ ಜಯಾಬಾಯಿಯವರ ಅರಿವೆಯಲ್ಲೇ ಸುತ್ತಿ ಚೀಲದಲ್ಲಿಟ್ಟುಕೊಂಡ, ತಂತಿ ಬೆಸೆಯದೆ. ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಯಾರು ಕೆಮ್ಮಿದರೂ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಒಂದು ಸಲ ತಿರುಗಿ ನೋಡಿದ. ಮಗುವನ್ನು ಮಲಗಿಸಿಕೊಂಡ ಹೆಂಗಸು.

ನೋಟುಬುಕ್ಕಿನ ಪುಟದ ಎಡಕ್ಕೆ ಅವನು ಎಲ್ಲವನ್ನೂ ಬರೆದ. ಬಲಕ್ಕೆ ಬರೆಯಲು ಏನೂ ಇರಲಿಲ್ಲ. ಕಿಟಕಿಯ ಹೊರಗೆ ನಿಂತವನು ಅಂದೇ ಯಾಕೆ ಒಳಗೆ ಬರಲಿಲ್ಲ, ಎಲ್ಲವನ್ನೂ ಆಗಲೇ ಕೇಳಿಸಿಕೊಂಡವನು ಮತ್ತೆ ಕೇಳಲು ಖಾಜಾನ ಪಡಸಾಲೆಗೆ ಯಾಕೆ ಬಂದ, ಬಂಡೆಮ್ಮನ ಬಾಗಿಲಿಗೆ ಕೀಲಿ ಹಾಕಿದ ಕೈ ಒಳಗಿನವರದೋ ಹೊರಗಿನವನದೋ, ಅವನಿಗೆ ಗೊತ್ತಿಲ್ಲ. ಯಮನಮ್ಮ ಈ ಹೊತ್ತು ಉಸಿರಾಡುತ್ತಿದ್ದಾಳೆಯೇ ಎಂಬುದೂ ಗೊತ್ತಿಲ್ಲ. ಇಷ್ಟು ದೂರ ಹೇಳಿಕೊಂಡು ಬಂದವರಿಗೂ, ನಾಚಿಕೆಯಿಂದ ಹೇಳಬೇಕು, ಇದಕ್ಕಿಂತ ಹೆಚ್ಚು ತಿಳಿದಿಲ್ಲ.